ಅಜ್ಜಿಯ ಪಾಸುಪುಸ್ತಕ ಯಾರ ಪೆಟ್ಟಿಗೆಯಲ್ಲಿರಬೇಕು?

ಕಾವ್ಯ, ಚರಿತ್ರೆ, ದೇಶಸೇವೆಗಳನ್ನು ಕುರಿತ ಲೇಖನಗಳ ನಡುವೆ ಮನೆಯ ದುಡ್ಡಿನ ಜಗಳವನ್ನು ಕುರಿತ ಲೇಖನವೊಂದು ಬೇಕೆ ಎಂದು ಕೆಲವರು ಹುಬ್ಬೇರಿಸಬಹುದು. ಅವರಿಗೆ ನಾನು ಹೇಳುವುದು ಇಷ್ಟೆ: ಈ ಕಾಲೇಜಿನಲ್ಲಿ ಓದುತ್ತಿರುವ ನಮ್ಮಲ್ಲಿ ಅನೇಕರು ತಮ್ಮ ಮನೆತನದಲ್ಲಿ ಪದವಿ ತರಗತಿಯ ಮೆಟ್ಟಿಲು ಹತ್ತಿದ ಮೊದಲಿಗರು. ಇಂಥವರಿಗೆ ಬಿ.ಎ. ಮುಗಿಯುವ ಮೊದಲೇ ಮನೆಯಲ್ಲಿ ಒಂದು ಉದ್ಯೋಗ ದೊರಕಿಬಿಟ್ಟಿರುತ್ತದೆ. ಬ್ಯಾಂಕಿನ ಚಲನ್ ತುಂಬುವವರು ನಾವು. ಮೊಬೈಲಿಗೆ ಬಂದ ಸಂದೇಶವನ್ನು ಓದಿ ಅರ್ಥ ಹೇಳುವವರು ನಾವು. ಯಂತ್ರದ ಮುಂದೆ ನಿಂತು ಕಾರ್ಡು ತುರುಕುವವರೂ ನಾವೇ. ಹೀಗೆ ಸಂಬಳವಿಲ್ಲದ ಗುಮಾಸ್ತರಾಗಿರುವ ನಾವು ಆ ಗುಮಾಸ್ತಿಕೆಯ ಧರ್ಮವೇನೆಂದು ಒಮ್ಮೆ ಯೋಚಿಸುವುದು ಅನುಚಿತವಾಗಲಾರದು.

ಸಮಸ್ಯೆ ಬಹು ಸಾಧಾರಣವಾದದ್ದು. ವಯಸ್ಸಾದ ತಾಯಿಯೋ ತಂದೆಯೋ ಇದ್ದಾರೆ. ಮೂವರು ನಾಲ್ವರು ಮಕ್ಕಳು. ತಾಯಿಯ ಹೆಸರಿನಲ್ಲಿ ಒಂದಿಷ್ಟು ಹಣವಿದೆ, ಆದರೆ ತಾಯಿಗೆ ಬ್ಯಾಂಕಿಗೆ ಹೋಗುವ ಶಕ್ತಿಯಿಲ್ಲ. ಹಣ ತೆಗೆಯುವವರು ಯಾರು? ತೆಗೆದದ್ದನ್ನು ನೋಡುವವರು ಯಾರು? ಹಿಂದೆ ಮುದುಕಿಯರ ದುಡ್ಡು ಸೊಂಟದ ಸಂಚಿಯಲ್ಲಿ ಇರುತ್ತಿತ್ತು. ಅದರ ಗಂಟು ಬಿಚ್ಚಬೇಕಾದರೆ ಅವರೇ ಬಿಚ್ಚಬೇಕಾಗಿತ್ತು. ಈಗ ಅದು ಕಣ್ಣಿಗೆ ಕಾಣದ ಕಡೆ ಇದೆ. ಕಾರ್ಡು ಮತ್ತು ನಾಲ್ಕು ಅಂಕಿಗಳ ಗುಪ್ತಸಂಖ್ಯೆ ಯಾರಲ್ಲಿದೆಯೋ ಹಣ ಅವರದು ಎಂಬಂತಾಗಿದೆ.

ನಮ್ಮ ಮನೆಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳುತ್ತೇನೆ. ಬೇರೆಯವರ ಮನೆಯ ಮಾತಿಗಿಂತ ಅದು ಕ್ಷೇಮ. ನಮ್ಮ ತಾತ ಸರ್ಕಾರಿ ಕಚೇರಿಯೊಂದರಲ್ಲಿ ಜವಾನರಾಗಿದ್ದವರು. ಅವರು ತೀರಿಕೊಂಡ ಮೇಲೆ ಅಜ್ಜಿಗೆ ಕುಟುಂಬ ಪಿಂಚಣಿ ಬರುತ್ತದೆ, ತಿಂಗಳಿಗೆ 15,000 ರೂಪಾಯಿಗಳ ಆಸುಪಾಸು. ತಾತನ ಕಾಲದ್ದೇ ಆದ 2 ಲಕ್ಷ ರೂಪಾಯಿಗಳ ಒಂದು ಠೇವಣಿಯೂ ಇದೆ. ಅಜ್ಜಿಗೆ ಎಪ್ಪತ್ತೆಂಟು ವರ್ಷ. ಮಂಡಿ ಹಿಡಿದುಕೊಂಡಿದೆ. ದೊಡ್ಡಪ್ಪ ಬೆಂಗಳೂರಿನ ಕಾರ್ಖಾನೆಯೊಂದರಲ್ಲಿದ್ದಾರೆ, ಚಿಕ್ಕಪ್ಪ ತುಮಕೂರಿನಲ್ಲಿ ಆಟೋ ಓಡಿಸುತ್ತಾರೆ, ಅತ್ತೆಯನ್ನು ತಿಪಟೂರಿನ ಕಡೆಗೆ ಕೊಟ್ಟಿದೆ. ಊರಿನಲ್ಲಿ ಅಜ್ಜಿಯೊಡನೆ ಉಳಿದವರು ಅಪ್ಪ, ಅವ್ವ ಮತ್ತು ನಾವು. ಆದ್ದರಿಂದ ಕಾರ್ಡು ಅಪ್ಪನ ಅಂಗಿಯ ಜೇಬಿನಲ್ಲಿತ್ತು. ಯಾರೂ ಅದನ್ನು ತೀರ್ಮಾನಿಸಿರಲಿಲ್ಲ, ಸುಮ್ಮನೆ ಹಾಗಾಗಿತ್ತು.

ಕಳೆದ ವರ್ಷ ಅಜ್ಜಿಯ ಕಣ್ಣಿನ ಪೊರೆ ತೆಗೆಸಬೇಕಾಗಿ ಬಂದಾಗ ಅಪ್ಪ ಖಾತೆಯಿಂದ ಹಣ ತೆಗೆದು ಕಟ್ಟಿದರು. ಅದೇ ವಾರದಲ್ಲಿ ನಮ್ಮ ಮನೆಯ ಹೆಂಚನ್ನೂ ಹೊದಿಸಿದರು. ಹೆಂಚಿಗೆ ಹೋದದ್ದು ಕೊಬ್ಬರಿ ಮಾರಿದ ದುಡ್ಡು. ಆದರೆ ಬೆಂಗಳೂರಿಗೆ ಸುದ್ದಿ ಮುಟ್ಟುವಾಗ ಎರಡೂ ಒಂದಾಗಿ ಮುಟ್ಟಿತು. ದೊಡ್ಡಪ್ಪ ಫೋನಿನಲ್ಲಿ, "ಅವ್ವನ ದುಡ್ಡು ಏನಾಯ್ತು ಅಂತ ಕೇಳೋದೂ ತಪ್ಪೇನಪ್ಪಾ?" ಎಂದರು. ಅಪ್ಪ, "ಲೆಕ್ಕ ಕೇಳೋನು ಬಂದು ಒಂದು ತಿಂಗಳು ಇಟ್ಕೊಂಡು ನೋಡಣ್ಣ" ಎಂದು ಫೋನು ಇಟ್ಟರು. ಆ ವರ್ಷದ ಗೌರಿ ಹಬ್ಬಕ್ಕೆ ಯಾರೂ ಬರಲಿಲ್ಲ.

ಇಬ್ಬರಲ್ಲಿ ಯಾರದು ಸರಿ? ನನ್ನ ತಂದೆಯ ಪಕ್ಷ ವಹಿಸುವುದು ನನಗೆ ಸುಲಭ. ಆದರೂ ದೊಡ್ಡಪ್ಪನ ಪ್ರಶ್ನೆ ನ್ಯಾಯವಾದದ್ದೆಂದೇ ನನ್ನ ಮತ. ತಾಯಿಯ ಹಣದ ಲೆಕ್ಕ ಕೇಳುವುದು ಕಳ್ಳತನವನ್ನು ಆರೋಪಿಸಿದಂತಲ್ಲ. ನಮ್ಮ ಸಮಾಜದಲ್ಲಿ ಈ ಎರಡಕ್ಕೂ ವ್ಯತ್ಯಾಸವೇ ಇಲ್ಲವಾಗಿದೆ. ಲೆಕ್ಕ ಕೇಳಿದವನು ವೈರಿ, ಕೇಳದೆ ಒಳಗೊಳಗೇ ಅನುಮಾನ ಪಡುವವನು ಸಜ್ಜನ! ಹಾಲಿನ ಡೇರಿಯಲ್ಲಿ ದಿನವೂ ಅರ್ಧ ಲೀಟರಿಗೂ ಚೀಟಿ ಬರೆಸಿಕೊಳ್ಳುವ ನಾವು ಹೆತ್ತವಳ ಹಣಕ್ಕೆ ಚೀಟಿ ಇಡುವುದನ್ನು ಅವಮಾನವೆಂದು ತಿಳಿಯುತ್ತೇವೆ.

ಆದರೆ ಅಪ್ಪನ ಮಾತಿನಲ್ಲಿಯೂ ಒಂದು ಸತ್ಯವಿದೆ, ಮತ್ತು ಅದನ್ನು ಅಪ್ಪನಿಗಿಂತ ಚೆನ್ನಾಗಿ ಹೇಳಬೇಕಾದವರು ಅವ್ವ. ರಾತ್ರಿ ಎರಡು ಸಲ ಎದ್ದು ಅಜ್ಜಿಯನ್ನು ಹಿತ್ತಿಲಿಗೆ ಕರೆದೊಯ್ಯುವುದು, ಉಪ್ಪಿಲ್ಲದ ಸಾರು ಬೇರೆ ಮಾಡುವುದು, ಸೀರೆ ಒಗೆಯುವುದು, ಇವಕ್ಕೆ ಯಾವ ಪಾಸುಪುಸ್ತಕದಲ್ಲಿಯೂ ಕಲಮಿಲ್ಲ. ಖಾತೆಯಿಂದ ಹೊರಗೆ ಹೋದದ್ದು ಮಾತ್ರ ಬೆಂಗಳೂರಿಗೆ ಕಾಣುತ್ತದೆ; ಅವ್ವನ ಕೈಯಿಂದ ಹೋದದ್ದು ಕಾಣುವುದಿಲ್ಲ. ಸೊಸೆಯ ಸೇವೆಯನ್ನು ಕರ್ತವ್ಯವೆಂದು ಕರೆದು ಬಿಟ್ಟಿಯಾಗಿ ಪಡೆದುಕೊಂಡು, ಅವಳ ಮನೆಗೆ ತಂದ ಎರಡು ಕಿಲೋ ಸಕ್ಕರೆಯನ್ನು ಮಾತ್ರ ಲೆಕ್ಕದಲ್ಲಿ ಎತ್ತಿ ತೋರಿಸುವುದು ಸಭ್ಯರ ಲಕ್ಷಣವಲ್ಲ. ತಾಯಿಯನ್ನು ನೋಡಿಕೊಳ್ಳುವ ಮನೆಗೆ ತಾಯಿಯ ಹಣದಿಂದಲೇ ತಿಂಗಳಿಗೆ ಇಷ್ಟು ಎಂದು ಎಲ್ಲರೂ ಒಪ್ಪಿ ಗೊತ್ತುಮಾಡುವುದು ಮೇಲು. ಅದು ಸಂಬಳವಲ್ಲ, ಅನುಮಾನಕ್ಕೆ ಜಾಗವಿಲ್ಲದಂತೆ ಮಾಡುವ ಏರ್ಪಾಡು.

ಈಗ ಬ್ಯಾಂಕಿನ ಸಂಗತಿ. ಇದನ್ನು ನಾನು ಸ್ವಲ್ಪ ವಿಚಾರಿಸಿ ತಿಳಿದುಕೊಂಡದ್ದರಿಂದ ವಿಸ್ತರಿಸುತ್ತೇನೆ. ಕಾರ್ಡನ್ನೂ ಗುಪ್ತಸಂಖ್ಯೆಯನ್ನೂ ಮಗನ ಕೈಗೆ ಕೊಡುವುದು ನಮ್ಮ ಕಡೆ ಎಲ್ಲರೂ ಮಾಡುವ ಕೆಲಸ. ಅದೇ ಅತ್ಯಂತ ಕೆಟ್ಟ ದಾರಿ. ಗುಪ್ತಸಂಖ್ಯೆಯನ್ನು ತಾನಾಗಿ ಇನ್ನೊಬ್ಬರಿಗೆ ಹೇಳಿ ಹಣ ಕಳೆದುಕೊಂಡರೆ, ಬ್ಯಾಂಕಿಗೆ ದೂರು ಕೊಡುವವರೆಗಿನ ನಷ್ಟವೆಲ್ಲ ಖಾತೆದಾರರದೇ ಎಂದು ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆ ಹೇಳುತ್ತದೆ. ಅದಕ್ಕಿಂತ ಮುಖ್ಯವಾಗಿ, ಅಪ್ಪ ತೆಗೆದರೂ ಕಾಗದದಲ್ಲಿ ಅಜ್ಜಿಯೇ ತೆಗೆದಂತೆ ಕಾಣುತ್ತದೆ. ಪ್ರಾಮಾಣಿಕನಾದವನಿಗೆ ತನ್ನ ಪ್ರಾಮಾಣಿಕತೆಯನ್ನು ತೋರಿಸಲು ಸಾಕ್ಷಿಯೇ ಉಳಿಯುವುದಿಲ್ಲ.

ದೊಡ್ಡಪ್ಪನ ಸಲಹೆ ಬೇರೆಯಾಗಿತ್ತು: ಠೇವಣಿಗೆ ತನ್ನ ಹೆಸರನ್ನೂ ಸೇರಿಸಿ ಜಂಟಿ ಮಾಡುವುದು. ಜಂಟಿ ಖಾತೆಯಲ್ಲಿ ಹಲವು ಬಗೆಗಳಿವೆ. "ಇಬ್ಬರಲ್ಲಿ ಯಾರಾದರೂ ಅಥವಾ ಉಳಿದವರು" ಎಂಬುದರಲ್ಲಿ ಒಬ್ಬರ ರುಜು ಸಾಕು, ಅಜ್ಜಿಗೆ ತಿಳಿಯದೆಯೂ ತೆಗೆಯಬಹುದು. "ಮೊದಲನೆಯವರು ಅಥವಾ ಉಳಿದವರು" ಎಂಬುದರಲ್ಲಿ ಅಜ್ಜಿ ಇರುವವರೆಗೆ ಅಜ್ಜಿಯದೇ ಅಧಿಕಾರ. "ಜಂಟಿಯಾಗಿ" ಎಂದರೆ ಎಲ್ಲರೂ ರುಜು ಹಾಕಬೇಕು. ಒಬ್ಬರು ಬೆಂಗಳೂರಿನಲ್ಲಿದ್ದರೆ ಔಷಧಿಯ ದುಡ್ಡಿಗೂ ಕಾಯಬೇಕು. ಇವನ್ನೆಲ್ಲ ಬಿಟ್ಟು ಇನ್ನೊಂದು ದಾರಿಯಿದೆ. ಖಾತೆ ಅಜ್ಜಿಯ ಒಬ್ಬರ ಹೆಸರಿನಲ್ಲೇ ಇದ್ದು, ಹಣ ತೆಗೆಯಲು ಮಾತ್ರ ಇಂಥವರಿಗೆ ಅಧಿಕಾರ ಕೊಟ್ಟಿದ್ದೇನೆ ಎಂದು ಬ್ಯಾಂಕಿಗೆ ಬರೆದುಕೊಡುವುದು. ಅಧಿಕಾರಪತ್ರ ಪಡೆದವನು ಕೆಲಸ ಮಾಡುವವನು, ಒಡೆಯನಲ್ಲ. ಅಜ್ಜಿ ಬೇಡವೆಂದ ದಿನ ಅದನ್ನು ಹಿಂದಕ್ಕೆ ಪಡೆಯಬಹುದು. ನನಗೆ ಇದೇ ಉತ್ತಮವಾಗಿ ಕಾಣುತ್ತದೆ. ಇದರಲ್ಲೂ ಒಂದು ಕೊರತೆಯಿದೆ: 1872ರ ಕರಾರು ಕಾಯಿದೆಯ ಪ್ರಕಾರ, ಅಧಿಕಾರ ಕೊಟ್ಟವರಿಗೆ ಬುದ್ಧಿ ಸ್ಥಿಮಿತವಿಲ್ಲದಂತಾದರೆ ಕೊಟ್ಟ ಅಧಿಕಾರವೂ ಮುಗಿಯುತ್ತದೆ. ಮರೆವಿನ ರೋಗ ಹಿಡಿದ ಮೇಲೆ ನ್ಯಾಯಾಲಯದ ಬಾಗಿಲೇ ಗತಿ. ಆದ್ದರಿಂದ ಮಾತನಾಡಬೇಕಾದ್ದನ್ನು ಅವರ ಬುದ್ಧಿ ಚುರುಕಾಗಿರುವಾಗಲೇ ಮಾತನಾಡಬೇಕು. ನಾವೋ, ಅದನ್ನು ಅಪಶಕುನವೆಂದು ಮುಂದೂಡುತ್ತೇವೆ.

ಇನ್ನು ಬ್ಯಾಂಕಿಗೆ ಬರಲಾರದ ಮುದುಕರಿಗೆ ದಾರಿಗಳಿಲ್ಲವೆ? ಇವೆ. 70 ವರ್ಷ ದಾಟಿದವರಿಗೆ ಮನೆಬಾಗಿಲಿನಲ್ಲೇ ಕೆಲವು ಸೇವೆಗಳನ್ನು ಒದಗಿಸುವಂತೆ ರಿಸರ್ವ್ ಬ್ಯಾಂಕು 2017ರಲ್ಲಿ ಬ್ಯಾಂಕುಗಳಿಗೆ ಸೂಚಿಸಿದೆ. ಪಿಂಚಣಿದಾರರು ಬದುಕಿದ್ದಾರೆಂಬ ಪ್ರಮಾಣವನ್ನು 2014ರಿಂದ ಜೀವನ್ ಪ್ರಮಾಣ್ ಎಂಬ ವ್ಯವಸ್ಥೆಯ ಮೂಲಕ ಆಧಾರಿನ ಬೆರಳಚ್ಚಿನಿಂದಲೇ ಕೊಡಬಹುದು. ಇವು ಎಷ್ಟು ಹಳ್ಳಿಗಳಿಗೆ ನಿಜವಾಗಿ ಮುಟ್ಟಿವೆ ಎಂಬುದನ್ನು ಓದುಗರು ತಮ್ಮ ತಮ್ಮ ಊರಿನಲ್ಲಿ ನೋಡಿಕೊಳ್ಳಲಿ. ಕೇಳದಿದ್ದರೆ ಮಾತ್ರ ಯಾರೂ ತಾವಾಗಿ ಕೊಡುವುದಿಲ್ಲ.

ನಾಮಿನಿಯ ವಿಷಯದಲ್ಲಿ ನಮ್ಮ ಜನರಿಗಿರುವ ಭ್ರಮೆಯನ್ನೂ ಹೇಳಬೇಕು. ನಾಮಿನಿ ಎಂದು ಬರೆಸಿಕೊಂಡವನಿಗೆ ಹಣ ದಕ್ಕಿತು ಎಂದೇ ಎಲ್ಲರ ನಂಬಿಕೆ. ಅದಕ್ಕಾಗಿಯೇ ಅಣ್ಣತಮ್ಮಂದಿರು ಕಿತ್ತಾಡುವುದು. ನಾಮಿನಿ ಬ್ಯಾಂಕಿನಿಂದ ಹಣವನ್ನು ಪಡೆಯುವವನೇ ಹೊರತು ಅದರ ಒಡೆಯನಲ್ಲ, ವಾರಸುದಾರರ ಹಕ್ಕು ಉಳಿದೇ ಇರುತ್ತದೆ ಎಂಬುದನ್ನು ಬ್ಯಾಂಕು ಖಾತೆಯ ಮೊಕದ್ದಮೆಯೊಂದರಲ್ಲಿ ಸುಪ್ರೀಂ ಕೋರ್ಟು 2010ರಲ್ಲಿ ಸ್ಪಷ್ಟಪಡಿಸಿದೆ. ಉಯಿಲು ಇಲ್ಲದೆ ತೀರಿಕೊಂಡ ತಾಯಿಯ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಗಂಡುಮಕ್ಕಳಷ್ಟೇ ಪಾಲೆಂದು 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯೇ ಹೇಳಿದೆ. ಈಗಂತೂ 2025ರ ನವೆಂಬರ್ 1ರಿಂದ ಒಂದು ಖಾತೆಗೆ ನಾಲ್ವರನ್ನು ನಾಮಿನಿಗಳಾಗಿ ಬರೆಸಬಹುದು. ಅಜ್ಜಿಗೆ ಮಕ್ಕಳು ನಾಲ್ವರೇ. ಲೆಕ್ಕ ಸರಿಹೋಯಿತೆಂದು ನಾನು ಸಂತೋಷಪಟ್ಟೆ. ಆದರೆ ದೊಡ್ಡಪ್ಪ, ಚಿಕ್ಕಪ್ಪ, ಅಪ್ಪ, ಅಷ್ಟು ಹೊತ್ತು ಪರಸ್ಪರ ಮುಖ ನೋಡದಿದ್ದವರು, ಅತ್ತೆಯ ಹೆಸರು ಬಂದೊಡನೆ ಒಂದೇ ಪಕ್ಷವಾಗಿ, "ಕೊಟ್ಟ ಹೆಣ್ಣಿಗೆ ಇದೆಲ್ಲ ಯಾಕೆ?" ಎಂದರು! ಪ್ರತಿ ಎರಡು ತಿಂಗಳಿಗೊಮ್ಮೆ ಬಸ್ಸಿನಲ್ಲಿ ಬಂದು ವಾರವಿದ್ದು ಅಜ್ಜಿಯ ತಲೆಗೆ ಎಣ್ಣೆ ಹಚ್ಚಿ ಹೋಗುವವರು ಅತ್ತೆ ಒಬ್ಬರೇ. ಸೇವೆಗೆ ಮಗಳು, ಕಾಗದಕ್ಕೆ ಮಾತ್ರ ಹೊರಗಿನವಳು. ನಾಳೆ ನಾನೂ ಕೊಟ್ಟ ಹೆಣ್ಣಾಗತಕ್ಕವಳಾದ್ದರಿಂದ ನನಗೆ ಈ ಮಾತು ಚುಚ್ಚಿತು.

ಇಷ್ಟೆಲ್ಲ ಚರ್ಚೆಯಲ್ಲಿ ಅಜ್ಜಿ ನಡುಮನೆಯ ಕಂಬಕ್ಕೆ ಒರಗಿ ಎಲೆಯಡಿಕೆ ಕುಟ್ಟುತ್ತಿದ್ದರು. ಕೊನೆಗೆ, "ನನ್ನ ದುಡ್ಡಿಗೆ ನೀವು ಪಂಚಾಯ್ತಿ ಮಾಡ್ತಿದೀರಲ್ಲ, ನನ್ನ ಒಂದು ಮಾತು ಕೇಳಿದಿರೇನ್ರಲಾ?" ಎಂದರು. ಯಾರೂ ಕೇಳಿರಲಿಲ್ಲ. ಅವರು ಕೇಳಿದ್ದು ತಿಂಗಳಿಗೆ 500 ರೂಪಾಯಿ ತಮ್ಮ ಕೈಗೆ ಬರಬೇಕು, ಅದಕ್ಕೆ ಯಾರೂ ಲೆಕ್ಕ ಕೇಳಬಾರದು ಎಂದು. ಹಣದ ಮೇಲಿನ ಅಧಿಕಾರವನ್ನು ಮಕ್ಕಳು ಹಂಚಿಕೊಳ್ಳುವ ಎಲ್ಲ ಏರ್ಪಾಡುಗಳಲ್ಲಿಯೂ ಈ ಐನೂರು ರೂಪಾಯಿಗಳನ್ನು ಮೊದಲು ಎತ್ತಿಡಬೇಕೆಂಬುದು ನನ್ನ ವಾದ. ಜಾತ್ರೆಯಲ್ಲಿ ಮೊಮ್ಮಗುವಿಗೆ ಬಳೆ ಕೊಡಿಸಲು ಮಗನ ಮುಂದೆ ಕೈಯೊಡ್ಡಬೇಕಾದ ತಾಯಿ, ಖಾತೆಯಲ್ಲಿ ಎರಡು ಲಕ್ಷವಿದ್ದರೂ ಬಡವಳೇ. 2007ರ ಹಿರಿಯ ನಾಗರಿಕರ ಪೋಷಣೆ ಕಾಯಿದೆ, ಅದರ ನ್ಯಾಯಮಂಡಳಿ ಇವೆಲ್ಲ ಇವೆ, ಇರಬೇಕು. ಮಕ್ಕಳು ಅನ್ನ ಹಾಕದಿದ್ದಾಗ ಅವು ಬೇಕು. ಅನ್ನ ಹಾಕಿ ಮಾತು ಕೇಳದ ಮಕ್ಕಳಿಗೆ ಯಾವ ಕಾಯಿದೆಯೂ ಇಲ್ಲ.

ಈಗ ನಮ್ಮ ಮನೆಯಲ್ಲಿ ನಡೆಯುತ್ತಿರುವುದು ಹೀಗೆ. ಒಂದು ನೂರು ಪುಟದ ನೋಟುಪುಸ್ತಕವಿದೆ. ಬಂದದ್ದು, ಹೋದದ್ದು, ಔಷಧಿ ಅಂಗಡಿಯ ರಸೀತಿ, ಎಲ್ಲ ಅದರಲ್ಲಿ. ತಿಂಗಳ ಕೊನೆಯಲ್ಲಿ ಆ ಪುಟದ ಚಿತ್ರ ತೆಗೆದು ನಾಲ್ವರ ಮೊಬೈಲಿಗೂ ಕಳಿಸುತ್ತೇನೆ, ಅತ್ತೆಗೂ ಸೇರಿಸಿಯೇ. ಕಳಿಸುವ ಮೊದಲು ಅಜ್ಜಿಗೆ ಓದಿ ಹೇಳುತ್ತೇನೆ. ಅವರಿಗೆ ಓದು ಬಾರದು, ಆದರೆ ಹೋದ ತಿಂಗಳು ಮುಲಾಮಿಗೆ ಎಷ್ಟಾಯಿತೆಂದು ನನಗಿಂತ ಚೆನ್ನಾಗಿ ನೆನಪಿರುತ್ತದೆ. ಬ್ಯಾಂಕಿನ ಸಂದೇಶ ನನ್ನ ಮೊಬೈಲಿಗೆ ಬರುತ್ತಿತ್ತು; ಅದನ್ನು ಅಜ್ಜಿಯ ಹೆಸರಿನಲ್ಲಿ ಹೊಸದಾಗಿ ಪಡೆದ ಸಂಖ್ಯೆಗೆ ಬದಲಾಯಿಸಿದ್ದೇವೆ. ಸಹಪಾಠಿಗಳು ಇದನ್ನು ಗಮನಿಸಬೇಕು. ಅಕ್ಷರ ಬಲ್ಲವರ ಮೊಬೈಲಿನಲ್ಲಿ ಮನೆಯವರ ಸಂದೇಶಗಳೆಲ್ಲ ಸೇರಿಕೊಂಡರೆ, ಅಕ್ಷರ ಬಾರದವರು ತಮ್ಮ ದುಡ್ಡಿನ ಮಟ್ಟಿಗೆ ಕುರುಡರಾಗುತ್ತಾರೆ. ಹಿಂದೆ ಶಾನುಭೋಗರ ಕಡತದ ಮುಂದೆ ನಮ್ಮ ಮುತ್ತಜ್ಜಂದಿರು ನಿಂತಿದ್ದಂತೆ ನಮ್ಮವರೇ ನಮ್ಮ ಮುಂದೆ ನಿಲ್ಲಬೇಕಾಗುತ್ತದೆ.

ದೊಡ್ಡಪ್ಪ ಈಗ ಫೋನು ಮಾಡುತ್ತಾರೆ, ಆದರೆ ಅಪ್ಪನಿಗಲ್ಲ, ನನಗೆ. ಅತ್ತೆಯ ಹೆಸರಿನ ಪ್ರಶ್ನೆ ಇನ್ನೂ ಇತ್ಯರ್ಥವಾಗಿಲ್ಲ. ಜೂನಿನ ಮೇಲೆ ನಾನು ಊರಿನಲ್ಲಿ ಇರುತ್ತೇನೋ ಇಲ್ಲವೋ ತಿಳಿಯದಾದ್ದರಿಂದ ನೋಟುಪುಸ್ತಕವನ್ನು ಒಂಬತ್ತನೆಯ ತರಗತಿಯ ತಮ್ಮನಿಗೆ ಕಲಿಸುತ್ತಿದ್ದೇನೆ. ಅವನು ಕೂಡುವುದರಲ್ಲಿ ಚುರುಕು, ಬರೆಯುವುದರಲ್ಲಿ ಸೋಮಾರಿ. ನಾಮಿನಿಯ ಅರ್ಜಿಯನ್ನು ಮಾತ್ರ ಅಜ್ಜಿ ಮನೆಗೆ ತರಿಸಿಕೊಂಡು, ನಾಲ್ಕು ಹೆಸರಿಗೆ ಜಾಗವಿದೆಯೇ ಎಂದು ನನ್ನಿಂದ ಎಣಿಸಿ ನೋಡಿಸಿ, ಮಡಿಸಿ ತಮ್ಮ ಸಂಚಿಯಲ್ಲಿಟ್ಟುಕೊಂಡಿದ್ದಾರೆ.