ಅಮೃತಶಿಲೆಯ ಕಚೇರಿಗೆ ಯಾರ ಹಣ?

ಶಿಕ್ಷಣ ಸಂಸ್ಥೆಗಳ ಆಡಳಿತ ಕಚೇರಿ ಈಗ ‘ಕಾರ್ಪೊರೇಟ್ ಕಚೇರಿ’ ಎನಿಸಿಕೊಳ್ಳುತ್ತಿದೆ. ಇಟಲಿಯ ಅಮೃತಶಿಲೆ, ಚರ್ಮದ ಸೋಫಾ, ತೂಗುದೀಪಗಳಿಂದ ಕಂಗೊಳಿಸುವ ಸ್ವಾಗತಾಂಗಣ ಅಲ್ಲಿ ಅಪರೂಪವಲ್ಲ. ಇದು ಕೇವಲ ಅಭಿರುಚಿಯ ಪ್ರಶ್ನೆಯಲ್ಲ. ಏಕೆಂದರೆ ಟ್ರಸ್ಟ್‌ಗಳು ನಡೆಸುವ ಇಂತಹ ಸಂಸ್ಥೆಗಳು ಕಾನೂನಿನ ದೃಷ್ಟಿಯಲ್ಲಿ ಲಾಭಕ್ಕಾಗಿ ಇರುವಂಥವಲ್ಲ.

ಕ್ಯಾಪಿಟೇಶನ್ ಶುಲ್ಕವನ್ನು ಕರ್ನಾಟಕ 1984ರ ಕಾಯ್ದೆಯ ಮೂಲಕವೇ ನಿಷೇಧಿಸಿತು. ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ 11 ನ್ಯಾಯಮೂರ್ತಿಗಳ ಪೀಠವು 2002ರಲ್ಲಿ ಲಾಭಕೋರತನ ಸಲ್ಲದು, ಆದರೆ ಸಂಸ್ಥೆಯ ಬೆಳವಣಿಗೆಗೆ ಸಮಂಜಸವಾದಷ್ಟು ಹಣ ಉಳಿಸಿಕೊಳ್ಳಬಹುದು ಎಂದಿತು. ತೆರಿಗೆ ವಿನಾಯಿತಿಗೆ ಶಿಕ್ಷಣವೇ ಏಕೈಕ ಉದ್ದೇಶವಾಗಿರಬೇಕೆಂದು ಅದೇ ನ್ಯಾಯಾಲಯ 2022ರಲ್ಲಿ ಸ್ಪಷ್ಟಪಡಿಸಿತು.

ಹಾಗಿದ್ದರೆ ಉಳಿದ ಹಣ ಎಲ್ಲಿಗೆ ಹೋಗುತ್ತದೆ? ವಿನಾಯಿತಿ ಬಯಸುವ ಟ್ರಸ್ಟ್ ತನ್ನ ವರಮಾನದ ಶೇ 85ರಷ್ಟನ್ನು ಧ್ಯೇಯೋದ್ದೇಶಗಳಿಗೆ ವಿನಿಯೋಗಿಸಬೇಕೆಂಬುದು ಸಾಮಾನ್ಯ ನಿಯಮ. ಕಟ್ಟಡ, ಪೀಠೋಪಕರಣಗಳ ಮೇಲಿನ ಬಂಡವಾಳ ವೆಚ್ಚವೂ ಈ ಲೆಕ್ಕಕ್ಕೆ ಸೇರಬಲ್ಲದು. ತೊಡಕಿರುವುದು ಇಲ್ಲಿಯೇ. ಪ್ರಯೋಗಾಲಯದ ಸೂಕ್ಷ್ಮದರ್ಶಕವೂ ಅಧ್ಯಕ್ಷರ ಕೊಠಡಿಯ ತೇಗದ ಮೇಜೂ ಒಂದೇ ಪಂಕ್ತಿಯಲ್ಲಿ ಕೂರುತ್ತವೆ. ಹಂಚಿಕೊಳ್ಳಲಾಗದ ಲಾಭ ವೈಭೋಗವಾಗಿ ಅನುಭವಕ್ಕೆ ಬರುತ್ತದೆ.

ಹಲವು ಕಾಲೇಜುಗಳನ್ನು ನಡೆಸುವ ಸಂಸ್ಥೆಗೆ ಸುಸಜ್ಜಿತ ಕಚೇರಿ ಬೇಕು, ನಿಜ. ಆದರೆ ಅಚ್ಚುಕಟ್ಟುತನಕ್ಕೂ ಆಡಂಬರಕ್ಕೂ ಅಂತರವಿದೆ. ಶುಲ್ಕ ನಿಗದಿಪಡಿಸುವ ಸಮಿತಿಗಳು ಆಡಳಿತ ಕಚೇರಿಯ ಒಳಾಂಗಣ ವೆಚ್ಚವನ್ನು ಪ್ರತ್ಯೇಕವಾಗಿ ತೋರಿಸುವಂತೆ ಸಂಸ್ಥೆಗಳಿಗೆ ಸೂಚಿಸಲಿ. ಗ್ರಂಥಾಲಯ ಮತ್ತು ಅಧ್ಯಾಪಕರ ವೇತನದ ಬಾಬ್ತುಗಳ ಪಕ್ಕದಲ್ಲೇ ಅದು ಪ್ರಕಟವಾಗಲಿ. ಸಾಲ ಮಾಡಿ ಶುಲ್ಕ ಕಟ್ಟುವ ಪೋಷಕರು ತಾವು ಮಗುವಿನ ಪಾಠಕ್ಕೆ ತೆತ್ತಿದ್ದೆಷ್ಟು, ಅಮೃತಶಿಲೆಗೆ ತೆತ್ತಿದ್ದೆಷ್ಟು ಎಂದು ತಿಳಿಯಬೇಡವೇ?