ಹಿನ್ನೀರಿನ ಸುತ್ತ ಒಂದು ದಿನ

ಸಾಗರದಿಂದ ಬೆಳಿಗ್ಗೆ ಹೊರಟು ತಾಳಗುಪ್ಪ, ಜೋಗ, ಕಾರ್ಗಲ್ ದಾಟಿ, ಕೋಗಾರಿನ ಕಾಡು ಹಾದು ತುಮರಿ ಸೇರಿ, ಅಲ್ಲಿಂದ ಶರಾವತಿ ಹಿನ್ನೀರಿನ ಮೇಲಿನ ಹೊಸ ಸೇತುವೆಯಲ್ಲಿ ಈಚೆಗೆ ಬಂದರೆ ಸಂಜೆಯೊಳಗೆ ಮತ್ತೆ ಸಾಗರ. ಲಿಂಗನಮಕ್ಕಿ ಜಲಾಶಯದ ಕೆಳಭಾಗವನ್ನು ಹೀಗೆ ಒಂದೇ ದಿನದಲ್ಲಿ ಬಳಸಿ ಬರುವುದು 2025ರ ಜುಲೈವರೆಗೆ ಲಾಂಚಿನ ಸರದಿಯನ್ನು ನೆಚ್ಚಿದ ಮಾತಾಗಿತ್ತು. ಅಂಬಾರಗೋಡ್ಲು–ಕಳಸವಳ್ಳಿ ನಡುವೆ ಎರಡು ಕಿಲೋಮೀಟರಿಗೂ ಉದ್ದದ ತೂಗುಸೇತುವೆ ತೆರೆದ ಮೇಲೆ ಅದು ಕೆಲವೇ ನಿಮಿಷಗಳ ದಾರಿ. ರಜೆ ಬಂತೆಂದರೆ ಬೆಂಗಳೂರಿನ ಕಾರುಗಳು ಅತ್ತ ಮುಖ ಮಾಡುತ್ತವೆ.

ಹೋಗಬಾರದೆಂದಲ್ಲ, ಹೋಗಲೇಬೇಕಾದ ಜಾಗ ಅದು. ಮಳೆಗಾಲ ಮುಗಿದು ಜಲಾಶಯ ತುಂಬಿರುವಾಗ ಕಣ್ಣು ಹಾಯುವಷ್ಟು ದೂರವೂ ನೀರು, ನೀರಿನಂಚಿಗೆ ಬಂದು ನಿಂತ ಕಾಡು, ನಡುನಡುವೆ ಹಸಿರು ನಡುಗಡ್ಡೆಗಳು. ಆದರೆ ಆ ನಡುಗಡ್ಡೆಗಳು ಹಿಂದೆ ಗುಡ್ಡದ ನೆತ್ತಿಗಳಾಗಿದ್ದವು. ಅವುಗಳ ಕೆಳಗಿನ ಕಣಿವೆಗಳಲ್ಲಿ ಗದ್ದೆ, ಅಡಿಕೆ ತೋಟ, ಮನೆ, ದೇವಸ್ಥಾನಗಳಿದ್ದವು. 1964ರಲ್ಲಿ ಅಣೆಕಟ್ಟೆ ಎದ್ದಿತು. ನೀರು 1819 ಅಡಿಯ ಗರಿಷ್ಠ ಮಟ್ಟಕ್ಕೇರಿದಂತೆ ಊರುಗಳು ಇಳಿದವು. ಮುಳುಗಿದ್ದು ಊರುಗಳಷ್ಟೇ ಅಲ್ಲ. ಅದಕ್ಕೂ ಮುಂಚೆ ಮಡೆನೂರಿನಲ್ಲಿ ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟೆಯೂ ಎರಡು ದಶಕ ತುಂಬುವ ಮೊದಲೇ ನೀರಿನಡಿ ಸೇರಿತು. ನೀರು ತೀರಾ ಇಳಿದ ಬೇಸಿಗೆಗಳಲ್ಲಿ ಅದರ ಸೈಫನ್‌ಗಳು ತಲೆಯೆತ್ತುತ್ತವೆ. ಜನ ಸಾಲುಗಟ್ಟಿ ಹೋಗಿ ಫೋಟೊ ತೆಗೆಸಿಕೊಳ್ಳುತ್ತಾರೆ. ಒಂದು ಅಣೆಕಟ್ಟೆಯನ್ನು ಇನ್ನೊಂದರಲ್ಲಿ ಮುಳುಗಿಸಿದ ನಮ್ಮ ದೂರದೃಷ್ಟಿಗೆ ಅದಕ್ಕಿಂತ ಒಳ್ಳೆಯ ಸ್ಮಾರಕ ಬೇರೆ ಬೇಕಿಲ್ಲ.

ಆ ನೀರಿನಿಂದ ಶರಾವತಿ ವಿದ್ಯುದಾಗಾರದ 1035 ಮೆಗಾವಾಟ್ ಸಾಮರ್ಥ್ಯ ಬಂತು. ರಾಜ್ಯದ ಕಾರ್ಖಾನೆಗಳು, ನಗರಗಳು ಬೆಳಗಿದವು. ಮುಳುಗಡೆಯ ಸಾವಿರಾರು ಕುಟುಂಬಗಳನ್ನು ಶಿವಮೊಗ್ಗ ಜಿಲ್ಲೆಯ ಬೇರೆ ಬೇರೆ ಕಾಡುಗಳಲ್ಲಿ ಇಳಿಸಲಾಯಿತು. ಎದ್ದು ಹೋಗದೆ ಉಳಿದ ತುಮರಿ ಸೀಮೆಯ ಜನ ಮೂರು ಕಡೆ ನೀರು, ಒಂದು ಕಡೆ ಕಾಡಿನ ನಡುವೆ ಸಿಲುಕಿದರು. ಕತ್ತಲಾದರೆ ಲಾಂಚ್ ಇಲ್ಲ. ನೀರಿಳಿದರೆ ಲಾಂಚಿನಲ್ಲಿ ವಾಹನಕ್ಕೆ ಜಾಗವಿಲ್ಲ. ಹೆರಿಗೆ ನೋವು, ಹಾವಿನ ಕಡಿತಗಳಿಗೆ ಇಂಥ ವೇಳಾಪಟ್ಟಿ ತಿಳಿಯುವುದಿಲ್ಲವಷ್ಟೆ. ಸೇತುವೆಗಾಗಿ ಅವರು ದಶಕಗಳ ಕಾಲ ಮನವಿ ಕೊಟ್ಟರು, ಧರಣಿ ಕೂತರು. ಲೋಕೋಪಯೋಗಿ ಇಲಾಖೆಯ ನೌಕರರಾಗಿ ಈ ಯೋಜನೆಯನ್ನು ಹತ್ತಿರದಿಂದ ಕಂಡು ‘ಮುಳುಗಡೆ’, ‘ದ್ವೀಪ’ ಕಾದಂಬರಿಗಳನ್ನು ಬರೆದ ನಾ. ಡಿಸೋಜ 2025ರ ಜನವರಿಯಲ್ಲಿ ತೀರಿಕೊಂಡರು. ಸೇತುವೆ ತೆರೆದಿದ್ದು ಅದಾದ ಆರು ತಿಂಗಳಿಗೆ.

ಸೇತುವೆ ಬಂತು ಎಂದ ಕೂಡಲೇ ಹಳೆಯ ಲೆಕ್ಕ ಚುಕ್ತಾ ಆಯಿತೆಂಬ ಭಾವನೆ ಸರ್ಕಾರದಲ್ಲೂ ನಮ್ಮಲ್ಲೂ ಮೂಡುವ ಅಪಾಯವಿದೆ. ಸಂತ್ರಸ್ತರು ಆರು ದಶಕಗಳಿಂದ ಉಳುತ್ತಿರುವ ಜಮೀನಿನಲ್ಲಿ ಬಹುಪಾಲು ಇಂದಿಗೂ ಕಾಗದದ ಮೇಲೆ ಅರಣ್ಯವೇ. 1980ರ ಅರಣ್ಯ ಸಂರಕ್ಷಣಾ ಕಾಯ್ದೆಯ ಪ್ರಕಾರ ಕೇಂದ್ರದ ಒಪ್ಪಿಗೆ ಬೇಕಿತ್ತು. ಅದನ್ನು ಪಡೆಯದೆ, ಒಂದರ ಹಿಂದೊಂದು ಬಂದ ರಾಜ್ಯ ಸರ್ಕಾರಗಳು ಅಧಿಸೂಚನೆ ಹೊರಡಿಸಿ ಹಕ್ಕುಪತ್ರ ಹಂಚಿದವು. 2021ರಲ್ಲಿ ಹೈಕೋರ್ಟ್ ಆ ಅಧಿಸೂಚನೆಗಳನ್ನು ರದ್ದುಪಡಿಸಿತು. ತಪ್ಪು ನ್ಯಾಯಾಲಯದ್ದಲ್ಲ, ಚುನಾವಣೆಯ ಹೊಸ್ತಿಲಲ್ಲಿ ಹಕ್ಕುಪತ್ರ ಹಂಚಿ ಫೋಟೊ ತೆಗೆಸಿಕೊಂಡವರದ್ದು. ಪಹಣಿಯಿಲ್ಲದ ರೈತನಿಗೆ ಬ್ಯಾಂಕ್ ಸಾಲವಿಲ್ಲ, ಬೆಳೆ ಹಾಳಾದರೆ ಪರಿಹಾರವಿಲ್ಲ. ತನ್ನ ಹೊಲದಲ್ಲೇ ಆತ ಒತ್ತುವರಿದಾರ.

ಹಿನ್ನೀರಿನ ದಂಡೆಯಲ್ಲಿ ಪ್ರವಾಸೋದ್ಯಮ ಬೆಳೆಸುವ ಉತ್ಸಾಹವನ್ನು ಕಂಡಾಗ ಈ ವೈದೃಶ್ಯ ಚುಚ್ಚುತ್ತದೆ. ಹೊರಗಿನ ಬಂಡವಾಳಕ್ಕೆ ನೀರಂಚಿನ ಜಾಗ ಸಲೀಸಾಗಿ ಸಿಕ್ಕಿ, ಆ ನೀರಿಗಾಗಿ ಮನೆ ಬಿಟ್ಟವರ ಮೊಮ್ಮಕ್ಕಳು ಅಲ್ಲೇ ಕೋಣೆ ಗುಡಿಸುವ ಕೆಲಸಕ್ಕೆ ನಿಲ್ಲುವಂತಾದರೆ ಅದನ್ನು ಅಭಿವೃದ್ಧಿ ಎನ್ನಲು ನಾಲಿಗೆ ಏಳದು. ದಾರಿ ಇಲ್ಲದಿಲ್ಲ. ಸಂತ್ರಸ್ತರ ವಶದಲ್ಲಿರುವ ಭೂಮಿಯ ಜಂಟಿ ಸರ್ವೆ ಪೂರ್ಣಗೊಳಿಸಿ, 1980ಕ್ಕೂ ಮುಂಚಿನ ಪುನರ್ವಸತಿ ಎಂಬ ದಾಖಲೆಗಳೊಂದಿಗೆ ಇಡೀ ಪ್ರಕರಣಕ್ಕೆ ಕೇಂದ್ರದ ಒಪ್ಪಿಗೆ ಪಡೆಯಬೇಕು. ನಿಜವಾದ ಸಂತ್ರಸ್ತರ ಹೆಸರಿನಲ್ಲಿ ಆಮೇಲೆ ಕಾಡು ಕಡಿದವರನ್ನು ಬೇರ್ಪಡಿಸುವುದಕ್ಕೂ ಈ ಸರ್ವೆಯೇ ಬೇಕು. ಸೇತುವೆಯಾಚೆ ರಾತ್ರಿಯೂ ವೈದ್ಯರಿರುವ ಆಸ್ಪತ್ರೆ ಬೇಕೆಂಬುದನ್ನಂತೂ ಯಾವ ಕಾಯ್ದೆಯೂ ತಡೆಯುವುದಿಲ್ಲ.

ಹೆಚ್ಚು ಖರ್ಚಿಲ್ಲದ ಕೆಲಸ ಇನ್ನೊಂದಿದೆ. ಸೇತುವೆಯ ಎರಡೂ ತುದಿಗಳಲ್ಲಿ ಕಾರು ನಿಲ್ಲಿಸಿ ಜನ ನೀರು ನೋಡುತ್ತಾರೆ. ಅಲ್ಲೊಂದು ಕಲ್ಲು ನೆಟ್ಟು, ಮುಳುಗಿದ ಊರುಗಳ ಹೆಸರನ್ನು ಒಂದೊಂದಾಗಿ ಕೆತ್ತಿಸಬಹುದು. ಕಂದಾಯ ಇಲಾಖೆಯ ಹಳೆಯ ಕಡತಗಳಲ್ಲಿ ಅವು ಇರಲೇಬೇಕು.