ಶೇಕಡಾ ಎರಡಕ್ಕೆ ಸನ್ಮಾನ, ಹಕ್ಕು ಕೇಳಿದರೆ ಮೊಕದ್ದಮೆ

ಧರಣಿ ಕೂರುವವರಿಂದ ಮಂಗಳೂರಿನ ಹೆಸರು ಕೆಡುತ್ತದೆ, ಬಂಡವಾಳ ಬೇರೆ ಊರಿಗೆ ಹೋಗುತ್ತದೆ, ಬಡವರಿಗಾಗಿ ಸದ್ದಿಲ್ಲದೆ ಕೆಲಸ ಮಾಡುವವರೇ ನಿಜವಾದ ಸಮಾಜಸೇವಕರು. ಸುರತ್ಕಲ್ ಟೋಲ್‌ಗೇಟಿನ ಕಾಲದಲ್ಲಿ ಕೇಳಿದ ಈ ಮಾತು ಕೂಳೂರು ಸೇತುವೆಯ ಪ್ರತಿಭಟನೆಯ ಹೊತ್ತಿಗೂ ಕೇಳಿತು. ಮುಂದಿನ ಹೋರಾಟಕ್ಕೂ ಇದನ್ನೇ ಸಿದ್ಧಪಡಿಸಿ ಇಟ್ಟಿದ್ದಾರೆ. ಸಭಾಂಗಣದ ವೇದಿಕೆಯಲ್ಲಿ ನಿಂತು ಇದನ್ನು ಹೇಳುವವರಿಗೆ ಸುರತ್ಕಲ್ ಬಳಿಯ ಕಾಟಿಪಳ್ಳ ಹೇಗೆ ಹುಟ್ಟಿತು ಎಂಬುದು ಗೊತ್ತಿಲ್ಲ, ಅಥವಾ ಗೊತ್ತಿದ್ದೂ ಮರೆತಿದ್ದಾರೆ.

ಕಾಟಿಪಳ್ಳ, ಕೃಷ್ಣಾಪುರ, ಚೊಕ್ಕಬೆಟ್ಟುಗಳಲ್ಲಿ ವಿಳಾಸ ಹೇಳುವಾಗ ಜನ ಇಂದಿಗೂ ಬ್ಲಾಕ್ ನಂಬರ್ ಹೇಳುತ್ತಾರೆ. ಎರಡನೇ ಬ್ಲಾಕ್, ಏಳನೇ ಬ್ಲಾಕ್, ಎಂಟನೇ ಬ್ಲಾಕ್. ಸರ್ಕಾರಿ ನಕಾಶೆಯಲ್ಲಿ ಗೆರೆ ಎಳೆದು ಜನರನ್ನು ತಂದು ಕೂರಿಸಿದ ಊರು ಇದು. ಪಣಂಬೂರಿನಲ್ಲಿ ನವಮಂಗಳೂರು ಬಂದರು ಕಟ್ಟಲು ಕಡಲ ಕರೆಯ ಗದ್ದೆ, ತೆಂಗಿನ ತೋಟ, ಮೀನುಗಾರರ ಮನೆಗಳು ಬೇಕಾದವು. ಬಿಲ್ಲವರು, ಮೊಗವೀರರು, ಬ್ಯಾರಿಗಳು, ದಲಿತರು ಗಂಟುಮೂಟೆ ಕಟ್ಟಿಕೊಂಡು ಗುಡ್ಡ ಹತ್ತಿದರು. 1974ರ ಮೇ 4ರಂದು ನವಮಂಗಳೂರು ದೇಶದ ಒಂಬತ್ತನೇ ದೊಡ್ಡ ಬಂದರು ಎಂದು ಘೋಷಣೆಯಾಯಿತು. 1975ರ ಜನವರಿಯಲ್ಲಿ ಪ್ರಧಾನಿ ಇಂದಿರಾ ಗಾಂಧಿ ಬಂದು ಉದ್ಘಾಟಿಸಿದರು. ಆಮೇಲೆ ಬಂದರಿನ ಬೆನ್ನಿಗೇ ರಸಗೊಬ್ಬರದ ಎಂಸಿಎಫ್ ಬಂತು, ಕುದುರೆಮುಖದ ಅದಿರನ್ನು ಉಂಡೆ ಕಟ್ಟುವ ಕಾರ್ಖಾನೆ ಬಂತು. 1990ರ ದಶಕದಲ್ಲಿ ಕುತ್ತೆತ್ತೂರಿನ ಗುಡ್ಡ ಬಗೆದು ಎಂಆರ್‌ಪಿಎಲ್ ತೈಲ ಶುದ್ಧೀಕರಣಾಗಾರ ನಿಂತಿತು. ಅದಕ್ಕಾಗಿ ಮನೆ ಬಿಟ್ಟವರಿಗೆ ಚೇಳಾಯರಿನಲ್ಲಿ ಇನ್ನೊಂದು ಪುನರ್ವಸತಿ ಕಾಲನಿ ಆಯಿತು. ಕರಾವಳಿಯ ಕೈಗಾರಿಕಾ ಸಂಪತ್ತು ನಿಂತಿರುವ ನೆಲ ಯಾರದೆಂದು ಬೇರೆ ಹೇಳಬೇಕಾಗಿಲ್ಲ. ಅದನ್ನು ಬಿಟ್ಟುಕೊಟ್ಟವರು ಬ್ಲಾಕುಗಳಲ್ಲಿದ್ದಾರೆ.

ಈಗ ಆ ಜನರ ಮಕ್ಕಳಿಗೆ ಶಾಲಾ ಬ್ಯಾಗ್ ಕೊಡುವ ಸಮಾರಂಭ ನಡೆಯುತ್ತದೆ. ಬ್ಯಾನರಿನಲ್ಲಿ ಕಂಪೆನಿಯ ಹೆಸರು, ಮುಂದಿನ ಸಾಲಿನಲ್ಲಿ ಅಧಿಕಾರಿಗಳು, ಮರುದಿನ ಪತ್ರಿಕೆಯಲ್ಲಿ ಫೋಟೊ. ಊರಿನ ಗಣ್ಯರು ಇದನ್ನು ಔದಾರ್ಯ ಎನ್ನುತ್ತಾರೆ. ಔದಾರ್ಯದ ಮಾತು ಇಲ್ಲಿ ಬರುವುದೇ ಇಲ್ಲ. 2013ರ ಕಂಪೆನಿ ಕಾಯ್ದೆಯ 135ನೇ ಕಲಂ ಪ್ರಕಾರ ದೊಡ್ಡ ಕಂಪೆನಿಗಳು ಹಿಂದಿನ ಮೂರು ವರ್ಷದ ಸರಾಸರಿ ನಿವ್ವಳ ಲಾಭದಲ್ಲಿ ಶೇಕಡಾ 2ನ್ನು ಸಾಮಾಜಿಕ ಹೊಣೆಗಾರಿಕೆಗೆ ಖರ್ಚು ಮಾಡಲೇಬೇಕು. ಕಾರ್ಖಾನೆ ಇರುವ ಸುತ್ತಲಿನ ಊರುಗಳಿಗೆ ಆದ್ಯತೆ ಕೊಡಬೇಕು ಎಂದೂ ಅದೇ ಕಲಂ ಹೇಳುತ್ತದೆ. ತೆರಿಗೆ ಕಟ್ಟಿದವನನ್ನು ಕರೆದು ಯಾರೂ ಹಾರ ಹಾಕುವುದಿಲ್ಲ. ಶೇಕಡಾ 2 ಕಟ್ಟಿದವರಿಗೆ ಮಾತ್ರ ಹಾರ, ಶಾಲು, ಹಣ್ಣಿನ ಬುಟ್ಟಿ ಏಕೆ?

ಉಳಿದ ಶೇಕಡಾ 98ರ ಮಾತನ್ನು ಆ ವೇದಿಕೆಯಲ್ಲಿ ಯಾರೂ ಎತ್ತುವುದಿಲ್ಲ. ನೆಲ ಕೊಟ್ಟವರ ಮನೆಯ ಎಷ್ಟು ಮಕ್ಕಳು ಕಾರ್ಖಾನೆಯಲ್ಲಿ ಕಾಯಂ ಕೆಲಸದಲ್ಲಿದ್ದಾರೆ? ಎಷ್ಟು ಮಂದಿ ಗುತ್ತಿಗೆದಾರನ ಕೈಕೆಳಗೆ ದಿನಗೂಲಿಗೆ ದುಡಿಯುತ್ತಿದ್ದಾರೆ? ಚಿಮಣಿಯ ಹೊಗೆ ಯಾರ ಮನೆಯ ಮೇಲೆ ಇಳಿಯುತ್ತದೆ? 2021ರಲ್ಲಿ ಎಂಆರ್‌ಪಿಎಲ್‌ನ ಹೊಸ ನೇಮಕಾತಿಯಲ್ಲಿ ಸ್ಥಳೀಯರಿಗೆ ಸ್ಥಾನವೇ ಸಿಗುತ್ತಿಲ್ಲ ಎಂಬ ಸುದ್ದಿ ಬಂದಾಗ ಈ ಪ್ರಶ್ನೆ ಬೀದಿಗೆ ಬಂತು. ಅದನ್ನು ಬೀದಿಗೆ ತಂದದ್ದು ಡಿವೈಎಫ್‌ಐಯಂಥ ಯುವಜನ ಸಂಘಟನೆಗಳು. ಬ್ಯಾಗ್ ಹಂಚಿದ ಸಂಸ್ಥೆಗಳಿಂದ ಒಂದು ಮಾತೂ ಹೊರಡಲಿಲ್ಲ. ಶೇಕಡಾ 2ರ ಹಣದಲ್ಲಿ ನಡೆಯುವ ಸಂಸ್ಥೆ ಶೇಕಡಾ 98ರ ಬಗ್ಗೆ ಬಾಯಿ ತೆರೆದರೆ ಮುಂದಿನ ವರ್ಷದ ಚೆಕ್ ಬರುವುದಿಲ್ಲ. ಅವರ ಮೌನದ ಕಾರಣ ಅಷ್ಟು ಸರಳ.

ಟೋಲ್‌ಗೇಟಿನ ಕಥೆ ಇನ್ನೂ ಸ್ಪಷ್ಟ. ಎನ್‌ಐಟಿಕೆ ಎದುರು 2015ರ ಕೊನೆಯಲ್ಲಿ ತಾತ್ಕಾಲಿಕವೆಂದು ಹೇಳಿ ಸುಂಕ ಶುರುಮಾಡಿದರು. ಉತ್ತರಕ್ಕೆ ಹೆಜಮಾಡಿಯಲ್ಲಿ ಇನ್ನೊಂದು ಗೇಟ್ ಬಂತು, ಎರಡರ ನಡುವೆ 15 ಕಿಲೋಮೀಟರ್ ಅಂತರವೂ ಇಲ್ಲ. ಅರುವತ್ತು ಕಿಲೋಮೀಟರಿಗೆ ಒಂದೇ ಗೇಟ್ ಇರುತ್ತದೆ, ಉಳಿದವನ್ನು ಮೂರು ತಿಂಗಳಲ್ಲಿ ಮುಚ್ಚುತ್ತೇವೆ ಎಂದು ಕೇಂದ್ರ ಸಚಿವ ನಿತಿನ್ ಗಡ್ಕರಿ 2022ರ ಮಾರ್ಚ್‌ನಲ್ಲಿ ಸಂಸತ್ತಿನಲ್ಲೇ ಹೇಳಿದರು. ಮೂರು ತಿಂಗಳು ಕಳೆಯಿತು, ಆರು ತಿಂಗಳೂ ಕಳೆಯಿತು, ಸುರತ್ಕಲ್ ಗೇಟ್ ತೆರೆದೇ ಇತ್ತು. ಸಂಸದರು ಭರವಸೆ ಕೊಡುತ್ತಲೇ ಹೋದರು.

ಮುನೀರ್ ಕಾಟಿಪಳ್ಳ ಸಂಚಾಲಕರಾಗಿದ್ದ ಹೋರಾಟ ಸಮಿತಿ ಅಕ್ಟೋಬರ್ 18ರಂದು ನೇರ ಕಾರ್ಯಾಚರಣೆಗೆ ಕರೆಕೊಟ್ಟಿತು. ಆಡಳಿತದ ಉತ್ತರವಾಗಿ ಪೊಲೀಸರು ರಾತ್ರೋರಾತ್ರಿ ಹೋರಾಟಗಾರರ ಮನೆಬಾಗಿಲಿಗೆ ನೋಟಿಸ್ ಒಯ್ದರು. ಹೆಂಗಸರ ಮನೆಗಳನ್ನೂ ಬಿಡಲಿಲ್ಲ. ಅಂದು ಗೇಟಿನ ಮೇಲೇರಿದವರನ್ನು ಎಳೆದು ವ್ಯಾನಿಗೆ ತುಂಬಿದರು, ಮೊಕದ್ದಮೆ ಹೂಡಿದರು. ಅಕ್ಟೋಬರ್ 28ರಿಂದ ಹಗಲು ರಾತ್ರಿ ಧರಣಿ ನಡೆಯಿತು. ರಿಕ್ಷಾ ಚಾಲಕರು, ಟ್ಯಾಕ್ಸಿಯವರು, ಬಸ್ಸಿನವರು, ದಲಿತ ಸಂಘಟನೆಗಳು, ಮಹಿಳೆಯರು, ಕಾಂಗ್ರೆಸ್ಸಿನವರು, ಎಡಪಕ್ಷದವರು ಒಂದೇ ಚಪ್ಪರದಡಿ ಕೂತರು. ಡಿಸೆಂಬರ್ 1ರಿಂದ ಸುಂಕ ನಿಂತಿತು. ಆ ದಿನದಿಂದ ಲಾಭ ಪಡೆದವರಲ್ಲಿ ಧರಣಿಯನ್ನು ಹೀಯಾಳಿಸಿದ ಕಾರಿನವರೂ ಇದ್ದಾರೆ. ಏಳು ವರ್ಷ ಮನವಿ ಪತ್ರ, ಭರವಸೆ, ಹೇಳಿಕೆಗಳಿಂದ ಆಗದ್ದು ಒಂದು ತಿಂಗಳ ಚಪ್ಪರದಿಂದ ಆಯಿತು. ಅದಕ್ಕೆ ಪ್ರತಿಫಲ ಮೊಕದ್ದಮೆ.

ಇದು ಒಂದೇ ಒಂದು ಉದಾಹರಣೆಯಾಗಿದ್ದರೆ ಆಕಸ್ಮಿಕ ಎನ್ನಬಹುದಿತ್ತು. ಪೆರ್ಮುದೆ, ಕಳವಾರು, ಎಕ್ಕಾರಿನ ರೈತರು ವಿಶೇಷ ಆರ್ಥಿಕ ವಲಯದ ವಿರುದ್ಧ ನಿಂತದ್ದರಿಂದ, ಪೇಜಾವರದ ವಿಶ್ವೇಶ ತೀರ್ಥರು ಅವರ ಬೆನ್ನಿಗೆ ಬಂದದ್ದರಿಂದ 2011ರಲ್ಲಿ 2,035 ಎಕರೆ ಭೂಮಿಯ ಸ್ವಾಧೀನ ಪ್ರಕ್ರಿಯೆ ರದ್ದಾಯಿತು. ಜೋಕಟ್ಟೆಯಲ್ಲಿ ಎಂಆರ್‌ಪಿಎಲ್‌ನ ಕೋಕ್ ಮತ್ತು ಸಲ್ಫರ್ ಘಟಕದ ಕಪ್ಪು ಪುಡಿ ಅನ್ನದ ತಟ್ಟೆಗೆ ಬೀಳತೊಡಗಿದಾಗ ಅಲ್ಲಿನ ನಾಗರಿಕ ಹೋರಾಟ ಸಮಿತಿ ವರ್ಷಗಟ್ಟಲೆ ಹೋರಾಡಿತು. ಮನೆಗಳಿಗೂ ಕಾರ್ಖಾನೆಗೂ ನಡುವೆ 27 ಎಕರೆ ಹಸಿರು ವಲಯ ನಿರ್ಮಿಸಬೇಕು ಎಂಬ ಆದೇಶವನ್ನು 2016ರಲ್ಲಿ ಸರ್ಕಾರದಿಂದ ಹೊರಡಿಸಿಕೊಂಡಿತು. ಆದೇಶ ವರ್ಷಗಟ್ಟಲೆ ಕಡತದಲ್ಲೇ ಕೊಳೆಯಿತು. ಕಂಪೆನಿಯ ಬಾಗಿಲಿಗೆ ರಾತ್ರೋರಾತ್ರಿ ನೋಟಿಸ್ ಹೊತ್ತು ಹೋದ ಪೊಲೀಸರ ಕಥೆಯನ್ನು ಜೋಕಟ್ಟೆಯವರು ಕೇಳಿಲ್ಲ.

ಕರಾವಳಿಯ ಆದಿವಾಸಿಗಳಾದ ಕೊರಗರ ವಿಷಯಕ್ಕೆ ಬಂದರೆ ಕಿಟ್ ಹಂಚುವ ಸಂಸ್ಕೃತಿಯ ಪೊಳ್ಳುತನ ಪೂರ್ತಿ ಬಯಲಾಗುತ್ತದೆ. ಈ ಸಮುದಾಯಕ್ಕೆ ಅಕ್ಕಿ, ಬೇಳೆ, ಮೊಟ್ಟೆ, ಕಂಬಳಿ ಹಂಚಿದವರ ಪಟ್ಟಿ ಉದ್ದವಿದೆ. ಹಾಗಿದ್ದೂ 2001ರ ಜನಗಣತಿಯಲ್ಲಿ ಕರ್ನಾಟಕದಲ್ಲಿ 16 ಸಾವಿರಕ್ಕೂ ಹೆಚ್ಚಿದ್ದ ಕೊರಗರು 2011ರಲ್ಲಿ 15 ಸಾವಿರಕ್ಕಿಂತ ಕಡಿಮೆಯಾದರು. ರಾಜ್ಯದ ಜನಸಂಖ್ಯೆ ಏರುತ್ತಿರುವಾಗ ಒಂದು ಸಮುದಾಯ ಕರಗುತ್ತಿದೆ. ಕೊರಗರ ಬದುಕಿನಲ್ಲಿ ನಿಜವಾಗಿ ತಿರುವು ತಂದದ್ದು ಅವರದೇ ಸಂಘಟನೆ. 1993ರಲ್ಲಿ ಅವರು ಭೂಮಿ ಕೇಳಿ ಮಂಗಳೂರಿನ ಬೀದಿಗಿಳಿದರು. ಆ ನೆನಪಿಗೆ ಇಂದಿಗೂ ಆಗಸ್ಟ್ 18ರಂದು ಭೂಮಿ ಹಬ್ಬ ಆಚರಿಸುತ್ತಾರೆ. ಅದರ ಮರುವರ್ಷ ಡಾ. ಮಹಮ್ಮದ್ ಪೀರ್ ವರದಿ ಪ್ರತಿ ಕುಟುಂಬಕ್ಕೆ ಎರಡೂವರೆ ಎಕರೆ ಭೂಮಿ ಕೊಡಬೇಕು ಎಂದಿತು. ಎಂಜಲಿನಲ್ಲಿ ಕೂದಲು, ಉಗುರು ಬೆರೆಸಿ ತಿನ್ನಿಸುವಂಥ ಅಜಲು ಪದ್ಧತಿಯನ್ನು ನಿಷೇಧಿಸುವ ಕಾಯ್ದೆ 2000ದಲ್ಲಿ ಬಂತು. ಎರಡೂವರೆ ಎಕರೆ ಎಲ್ಲಿದೆ ಎಂದು ಕೇಳಿದರೆ ತಾಲ್ಲೂಕು ಕಚೇರಿ ದಲಿತರಿಗೆ ಮೀಸಲಾದ ಡಿಸಿ ಮನ್ನಾ ಜಾಗದ ಕಡತ ಹುಡುಕಲು ಹೊರಡುತ್ತದೆ. ಅದೇ ಕೊರಗರು 2021ರ ಡಿಸೆಂಬರ್ 27ರಂದು ಉಡುಪಿ ಜಿಲ್ಲೆಯ ಕೋಟತಟ್ಟಿನ ಕಾಲನಿಯಲ್ಲಿ ಮೆಹಂದಿ ಕಾರ್ಯಕ್ರಮ ಮಾಡಿಕೊಂಡರೆ ಪೊಲೀಸರು ನುಗ್ಗಿ ಮದುಮಗನ ಸಮೇತ ಲಾಠಿಯಿಂದ ಹೊಡೆದರು. ಹೊಡೆಸಿಕೊಂಡವರ ಮೇಲೆಯೇ ಕೇಸ್ ದಾಖಲಾಯಿತು. ಅಕ್ಕಿ ಪಡೆಯುವ ಕೊರಗನನ್ನು ಈ ವ್ಯವಸ್ಥೆ ಸಹಿಸುತ್ತದೆ. ತನ್ನ ಅಂಗಳದಲ್ಲಿ ತಲೆಯೆತ್ತಿ ಕುಣಿಯುವ ಕೊರಗನನ್ನು ಸಹಿಸುವುದಿಲ್ಲ.

ಮಂಗಳೂರಿನ ಪುರಭವನಕ್ಕೆ ಕುದ್ಮುಲ್ ರಂಗರಾಯರ ಹೆಸರಿದೆ. ಸನ್ಮಾನ ಸಮಾರಂಭಗಳೆಲ್ಲ ಅಲ್ಲೇ ನಡೆಯುತ್ತವೆ, ವೇದಿಕೆಯಿಂದ ಅವರ ಹೆಸರನ್ನೂ ಹೇಳುತ್ತಾರೆ. ಆದರೆ ರಂಗರಾಯರು ಮಾಡಿದ್ದೇನು? 1892ರಲ್ಲಿ ಅಸ್ಪೃಶ್ಯ ಮಕ್ಕಳಿಗೆ ಶಾಲೆ ತೆರೆದರು. 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದರು. ಮನೆ ಕಟ್ಟಿಕೊಳ್ಳಲು ದಲಿತರಿಗೆ ಭೂಮಿ ಕೊಡಿಸಿದರು. ಅದಕ್ಕಾಗಿ ಸ್ವಂತ ಜಾತಿಯವರಿಂದಲೇ ಬಹಿಷ್ಕಾರ ಉಂಡರು. ಅಂದಿನ ಗಣ್ಯರ ಕಣ್ಣಿಗೂ ಅವರು ಊರಿನ ಶಾಂತಿ ಕೆಡಿಸುವ ಮನುಷ್ಯನೇ. ಇಂದು ಅವರ ಹೆಸರಿನ ಸಭಾಂಗಣದಲ್ಲಿ ನಿಂತು ಹೋರಾಟಗಾರರನ್ನು ಅಭಿವೃದ್ಧಿ ವಿರೋಧಿಗಳೆಂದು ಕರೆಯುವವರು ರಂಗರಾಯರ ಕಾಲದಲ್ಲಿದ್ದರೆ ಬಹಿಷ್ಕಾರ ಹಾಕಿದವರ ಪಂಕ್ತಿಯಲ್ಲಿ ಕೂತಿರುತ್ತಿದ್ದರು.

ಆರೋಗ್ಯದ ಲೆಕ್ಕವನ್ನೇ ನೋಡಿ. ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಎಂಟು ಖಾಸಗಿ ವೈದ್ಯಕೀಯ ಕಾಲೇಜುಗಳಿವೆ. ಅದರಲ್ಲೊಂದು ಸುರತ್ಕಲ್ ಪಕ್ಕದ ಮುಕ್ಕದಲ್ಲೇ ಇದೆ. ನಡೆಯುತ್ತಿರುವ ಸರ್ಕಾರಿ ವೈದ್ಯಕೀಯ ಕಾಲೇಜು ಒಂದೂ ಇಲ್ಲ. 1848ರಷ್ಟು ಹಳೆಯ ವೆನ್ಲಾಕ್ ಆಸ್ಪತ್ರೆ 1950ರ ದಶಕದಿಂದ ಖಾಸಗಿ ಕೆಎಂಸಿಯ ವಿದ್ಯಾರ್ಥಿಗಳು ಕಲಿಯುವ ಜಾಗವಾಗಿದೆ. ಬಡವರ ದೇಹದ ಮೇಲೆ ಕಲಿತ ವೈದ್ಯರು ಪದವಿ ಪಡೆದು ಹೋಗುತ್ತಾರೆ, ಬಡವರ ಮಕ್ಕಳಿಗೆ ಆ ಕಾಲೇಜಿನ ಶುಲ್ಕ ಕಟ್ಟಲಾಗುವುದಿಲ್ಲ. ಉಚಿತ ವೈದ್ಯಕೀಯ ಶಿಬಿರಗಳ ಬ್ಯಾನರು ಕಾಟಿಪಳ್ಳದಲ್ಲಿ ಬೇಕಾದಷ್ಟು ಕಟ್ಟಿದ್ದಾರೆ. ಶಿಬಿರದಲ್ಲಿ ಬಿಪಿ ನೋಡಿ, ಚೀಟಿ ಬರೆದು, ಖಾಸಗಿ ಆಸ್ಪತ್ರೆಗೆ ಬರಲು ಹೇಳುವುದಕ್ಕೆ ಸೇವೆ ಎಂಬ ಹೆಸರು. ಸುರತ್ಕಲ್‌ಗೆ ಸುಸಜ್ಜಿತ ಸರ್ಕಾರಿ ಆಸ್ಪತ್ರೆ ಕೊಡಿ, ಜಿಲ್ಲೆಗೆ ಸರ್ಕಾರಿ ಮೆಡಿಕಲ್ ಕಾಲೇಜು ಕೊಡಿ ಎಂದು ಫಲಕ ಹಿಡಿದರೆ ಅದಕ್ಕೆ ರಾಜಕೀಯ ಎಂಬ ಹೆಸರು.

ಹಾಗೆ ನೋಡಿದರೆ ಬ್ಲಾಕುಗಳ ಜನ ಯಾರ ಕೃಪೆಗೂ ಕಾದು ಕೂತವರಲ್ಲ. ಕಾಟಿಪಳ್ಳದ ನಾರಾಯಣಗುರು ವಿದ್ಯಾಸಂಸ್ಥೆ, ಹೆಣ್ಣುಮಕ್ಕಳ ಮಿಸ್ಬಾ ಕಾಲೇಜು ಇಲ್ಲಿನ ಸಮುದಾಯಗಳೇ ಕಟ್ಟಿಕೊಂಡವು. ಇಂಥ ಊರಿನ ಹೆಸರು ರಾಜ್ಯದ ಉಳಿದ ಭಾಗಕ್ಕೆ ಪರಿಚಯವಾದದ್ದು ಮಾತ್ರ ಕೊಲೆಗಳಿಂದ. 2018ರ ಜನವರಿ 3ರಂದು ಕಾಟಿಪಳ್ಳದಲ್ಲಿ ಒಬ್ಬ ಹಿಂದೂ ಯುವಕನನ್ನು ಹಾಡಹಗಲೇ ಕಡಿದರು. 2022ರ ಜುಲೈ 28ರಂದು ಸುರತ್ಕಲ್‌ನಲ್ಲಿ ಒಬ್ಬ ಮುಸ್ಲಿಂ ಯುವಕ, ಡಿಸೆಂಬರ್ 24ರಂದು ಕಾಟಿಪಳ್ಳದಲ್ಲಿ ಅಂಗಡಿ ನಡೆಸುತ್ತಿದ್ದ ಇನ್ನೊಬ್ಬ ಮುಸ್ಲಿಂ ಬಲಿಯಾದರು. ಜುಲೈ 28ರಂದು ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಇದೇ ಜಿಲ್ಲೆಯಲ್ಲಿದ್ದರು. ಬೆಳ್ಳಾರೆಯಲ್ಲಿ ಕೊಲೆಯಾದ ಹಿಂದೂ ಯುವಕನ ಮನೆಗೆ ಹೋಗಿ ಪರಿಹಾರದ ಚೆಕ್ ಕೊಟ್ಟರು. ಅದೇ ಬೆಳ್ಳಾರೆಯ ಆಸುಪಾಸಿನಲ್ಲಿ ಕೆಲವೇ ದಿನ ಮೊದಲು ಕೊಲೆಯಾದ ಮುಸ್ಲಿಂ ಹುಡುಗನ ಮನೆಗೆ ಹೋಗಲಿಲ್ಲ. ಸುರತ್ಕಲ್‌ನ ಮನೆಗೂ ಬರಲಿಲ್ಲ. ಸತ್ತವರಲ್ಲೂ ಮೇಲು ಕೀಳು ಮಾಡಿದ ಆ ಸರ್ಕಾರದ ತಪ್ಪನ್ನು ನಾಗರಿಕ ಸಂಘಟನೆಗಳು ಬಿಡದೆ ಎತ್ತಿ ಹೇಳಿದವು. ಸರ್ಕಾರ ಬದಲಾದ ಮೇಲೆ, 2023ರ ಜೂನ್‌ನಲ್ಲಿ, ಕಾಟಿಪಳ್ಳದ ಹಿಂದೂ ಯುವಕನ ಕುಟುಂಬವೂ ಸೇರಿ ಉಳಿದ ನಾಲ್ಕು ಕುಟುಂಬಗಳಿಗೆ ತಲಾ 25 ಲಕ್ಷ ರೂಪಾಯಿ ಪರಿಹಾರ ಸಿಕ್ಕಿತು. ಕೊಂದವರೂ ಸತ್ತವರೂ ದುಡಿದು ತಿನ್ನುವ ಮನೆಗಳ ಮಕ್ಕಳೇ. ಪ್ರಚೋದನೆಯ ಭಾಷಣ ಮಾಡಿದವರ ಮಕ್ಕಳು ಜೈಲಿನಲ್ಲೂ ಇಲ್ಲ, ಸ್ಮಶಾನದಲ್ಲೂ ಇಲ್ಲ.

ಸರ್ಕಾರ ಬದಲಾಯಿತು ಎಂದು ಸಮಾಧಾನಪಟ್ಟವರಿಗೆ 2024 ಪಾಠ ಕಲಿಸಿತು. ಆ ವರ್ಷ ಮಳೆಗಾಲದಲ್ಲಿ ಮಹಾನಗರ ಪಾಲಿಕೆ ಟೈಗರ್ ಕಾರ್ಯಾಚರಣೆ ಎಂದು ಹೆಸರಿಟ್ಟು ಬೀದಿಬದಿ ವ್ಯಾಪಾರಿಗಳ ಗಾಡಿಗಳನ್ನು ಜೆಸಿಬಿಯಿಂದ ಪುಡಿಮಾಡಿತು. ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎಬ್ಬಿಸಬಾರದು ಎಂದು 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆ ಸ್ಪಷ್ಟವಾಗಿ ಹೇಳುತ್ತದೆ. ಪಾಲಿಕೆ ಆಗ ಬಿಜೆಪಿಯದಾಗಿತ್ತು, ರಾಜ್ಯ ಸರ್ಕಾರ ಕಾಂಗ್ರೆಸ್ಸಿನದಾಗಿತ್ತು, ಜೆಸಿಬಿಯ ವಿಷಯದಲ್ಲಿ ಇಬ್ಬರೂ ಒಂದೇ. ನವೆಂಬರ್‌ನಲ್ಲಿ ಸಮಾನ ಮನಸ್ಕ ಸಂಘಟನೆಗಳು ಕೂಳೂರು ಸೇತುವೆ, ಹೊಂಡ ಬಿದ್ದ ಹೆದ್ದಾರಿ, ನಂತೂರಿನ ಕಾಮಗಾರಿಗಾಗಿ ಧರಣಿ ಕೂತವು. ಪೊಲೀಸರು ಅನುಮತಿ ನಿರಾಕರಿಸಿ, ಮುನೀರ್ ಕಾಟಿಪಳ್ಳ ಮತ್ತು ಜೊತೆಗಾರರ ಮೇಲೆ ಎಫ್‌ಐಆರ್ ಹಾಕಿದರು. ಟೋಲ್‌ಗೇಟ್ ಚಪ್ಪರದಲ್ಲಿ ಇದೇ ಜನರ ಪಕ್ಕ ಕೂತು ಭಾಷಣ ಮಾಡಿದ ಪಕ್ಷ ಈಗ ಅಧಿಕಾರದಲ್ಲಿತ್ತು. ಅದರ ಪೊಲೀಸರು ಬಿಜೆಪಿ ಕಾಲದ ಪೊಲೀಸರ ದಾರಿಯಲ್ಲೇ ನಡೆದರು.

ಜಿಲ್ಲಾ ಉಸ್ತುವಾರಿ ಸಚಿವರಿಗೆ ನಾಗರಿಕ ಸಮಾಜದ ಮೇಲೆ ಗೌರವವಿದ್ದರೆ ಅದನ್ನು ತೋರಿಸಲು ಸನ್ಮಾನದ ಶಾಲು ಬೇಡ. ಟೋಲ್‌ಗೇಟ್ ಮತ್ತು ಕೂಳೂರು ಹೋರಾಟಗಾರರ ಮೇಲಿನ ಮೊಕದ್ದಮೆಗಳನ್ನು ಹಿಂಪಡೆಯಲು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಬಿಎನ್‌ಎಸ್‌ಎಸ್) 360ನೇ ಕಲಂ ಅಡಿ ಸರ್ಕಾರಿ ಅಭಿಯೋಜಕರು ನ್ಯಾಯಾಲಯಕ್ಕೆ ಅರ್ಜಿ ಹಾಕಲಿ. ಪಣಂಬೂರಿನಿಂದ ಕುತ್ತೆತ್ತೂರಿನವರೆಗಿನ ಪ್ರತಿಯೊಂದು ಕಂಪೆನಿಯೂ ತನ್ನ ಶೇಕಡಾ 2ನ್ನು ಎಲ್ಲಿ, ಯಾರಿಗೆ, ಎಷ್ಟು ಕೊಟ್ಟಿದೆ ಎಂಬ ಪಟ್ಟಿಯನ್ನು ಕಾಟಿಪಳ್ಳ, ಜೋಕಟ್ಟೆ, ಚೇಳಾಯರಿನ ಜನರ ಮುಂದೆ ಕನ್ನಡದಲ್ಲಿ ಇಡಲಿ. ಅದೇ ಸಭೆಯಲ್ಲಿ ನೆಲ ಬಿಟ್ಟವರ ಕುಟುಂಬಗಳಿಂದ ಎಷ್ಟು ಮಂದಿ ಕಾಯಂ ನೌಕರರಿದ್ದಾರೆ, ಎಷ್ಟು ಮಂದಿ ಗುತ್ತಿಗೆಯಲ್ಲಿದ್ದಾರೆ ಎಂಬ ಪಟ್ಟಿಯನ್ನೂ ಓದಲಿ. ಜೋಕಟ್ಟೆಗೆ ಕೊಟ್ಟ 2016ರ ಆದೇಶವನ್ನು ಜಾರಿ ಮಾಡಲು, ಕೊರಗ ಕುಟುಂಬಗಳಿಗೆ ಎರಡೂವರೆ ಎಕರೆ ಅಳೆದುಕೊಡಲು ತಾರೀಖು ಹೇಳಲಿ. ತಾರೀಖು ಹೇಳದಿದ್ದರೆ ಸುರತ್ಕಲ್ ಜಂಕ್ಷನ್ನಿನಲ್ಲಿ ಮತ್ತೆ ಚಪ್ಪರ ಏಳುತ್ತದೆ, ಅದಕ್ಕೆ ಅನುಮತಿ ಕೊಡುವುದೂ ಬಿಡುವುದೂ ಪೊಲೀಸ್ ಕಮಿಷನರರಿಗೆ ಬಿಟ್ಟದ್ದು.